ತೂತಿಲ್ಲದ ಹಾಳೆಯ ಲೆಕ್ಕ

2007ನೇ ಇಸವಿಯ ಮೇ ತಿಂಗಳು, ಒಂದು ಸೋಮವಾರ. ಹೊಸಪೇಟೆಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನೂ ಶಾಂಭವಿಯೂ ಎದುರುಬದುರು ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆವು. ಹತ್ತೂವರೆಯ ಹೊತ್ತಿಗೆ ಅವಳ ಮೊಬೈಲಿಗೆ ಕಂಪ್ಲಿಯಿಂದ ತಮ್ಮ ಈಶ್ವರನ ಫೋನು ಬಂತು. ಸ್ವಲ್ಪ ಕೇಳಿಸಿಕೊಂಡು, ಫೋನಿಗೆ ಕೈ ಅಡ್ಡ ಹಿಡಿದು ನನಗೆ ಹೇಳಿದಳು: "ನಮ್ಮ ಮಿಲ್ಲಿನ ಹಮಾಲಿ ಉಚ್ಚೆಂಗಪ್ಪಗ, ಅವನ ಹೆಂಡ್ತಿಗೆ ವಾಂತಿ ಹತ್ತೈತಂತ ಮೇಡಂ. ನಿನ್ನೆ ಹೊಳಿ ಮೀನು ತಿಂದಿದ್ರಂತ."

ಹಾಗೆ ಹೇಳಿ ಮುಂದಿನ ಪತ್ರಿಕೆ ತೆರೆದವಳು ಪೆನ್ನು ಕೆಳಗಿಟ್ಟಳು. ಏನೋ ಹೊಳೆದಂತಾಗಿ ಫೋನನ್ನು ಮತ್ತೆ ಕಿವಿಗೆ ಒತ್ತಿದಳು.

"ಈಶ್ವರ್, ಗೋದಾಮಿನಾಗ ನುಸಿ ಮಾತ್ರೆ ಇಟ್ಟೀರೇನು?"

"ಹ್ಞೂಂ, ಇಟ್ಟೀವಿ."

"ಯಾವಾಗ ಇಟ್ರಿ?"

"ಶನಿವಾರ ಸಂಜಿಕ."

"ಉಚ್ಚೆಂಗಪ್ಪ ರಾಮಸಾಗರಕ್ಕ ಹೋಗಿದ್ದಿಲ್ಲೇನು?"

ಈಶ್ವರನ ದನಿ ದೊಡ್ಡದು. ಅವನು ಹೇಳಿದ್ದು ಮೇಜಿನ ಈಚೆಗಿದ್ದ ನನಗೂ ಸ್ಪಷ್ಟವಾಗಿ ಕೇಳಿಸಿತು. "ಇಲ್ಲಕ್ಕ. ಶೀಟಿನಾಗಿಂದ ಗ್ಯಾಸ್ ಹೊರಗ ಬರಂಗಿಲ್ಲಂತ ನೀನ ಹೇಳಿದ್ದೆಲ್ಲ. ಅದಕ್ಕ ಈ ಸಲ ಇಲ್ಲೇ ಇರ್ರಿ ಅಂದೆ."

ಶಾಂಭವಿಯ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ನೋಡಿದರೂ ಆ ಕ್ಷಣ ನನಗೆ ಏನೂ ಅರ್ಥವಾಗಲಿಲ್ಲ.

ಅವಳು ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಉಪನ್ಯಾಸಕಿ. ನಾನು ಕನ್ನಡ ಹೇಳುವವಳು. ಶಾಂಭವಿ ಕಂಪ್ಲಿಯ ಅಕ್ಕಿ ಗಿರಣಿಯ ಮಾಲೀಕ ಮರುಳಸಿದ್ದಪ್ಪನವರ ಮಗಳು. ಅವರ ಮನೆತನದಲ್ಲಿ ಎಂ.ಎಸ್ಸಿ. ಓದಿದ ಮೊದಲ ಹೆಣ್ಣುಮಗಳು ಇವಳೇ. ಮದುವೆಯಾಗಿ ಹೊಸಪೇಟೆಗೆ ಬಂದ ಮೇಲೂ ಓದು ಬಿಡದೆ, ಸಂಡೂರಿನ ಕಡೆಯ ಸ್ನಾತಕೋತ್ತರ ಕೇಂದ್ರದ ಮರಿಸ್ವಾಮಿ ಸರ್ ಅವರ ಮಾರ್ಗದರ್ಶನದಲ್ಲಿ ಪಿಎಚ್.ಡಿ.ಗೆ ಸೇರಿಕೊಂಡಿದ್ದಳು. ಪ್ರತಿ ಶನಿವಾರ ಅದಿರು ಲಾರಿಗಳ ಸಾಲಿನ ಹಿಂದೆ ಬಸ್ಸಿನಲ್ಲಿ ಕುಳಿತು ಸಂಡೂರಿಗೆ ಹೋಗುವಳು. ಸಂಜೆ ಬರುವಾಗ ಸೀರೆಯ ಅಂಚು, ಕಣ್ಣಿನ ರೆಪ್ಪೆ ಎಲ್ಲ ಅದಿರಿನ ಧೂಳಿಗೆ ಕೆಂಪಾಗಿರುತ್ತಿದ್ದವು.

ಅವಳ ಸಂಶೋಧನೆ ಏನೆಂದು ನಾನು ಕೇಳಿದ್ದು ಒಂದು ಸಲವಲ್ಲ. ಪ್ಲಾಸ್ಟಿಕ್ ಹಾಳೆ ನಮ್ಮ ಕಣ್ಣಿಗೆ ಗಟ್ಟಿಯಾಗಿ ಕಂಡರೂ ಅಣುಗಳ ಮಟ್ಟದಲ್ಲಿ ಅದು ಬೇಯಿಸಿ ಹಾಕಿದ ಶಾವಿಗೆಯ ರಾಶಿಯಂತೆ. ಎಳೆಗಳ ನಡುವೆ ಸಣ್ಣ ಸಣ್ಣ ಸಂದು. ಅನಿಲದ ಅಣು ಒಂದು ಸಂದಿನಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿರುತ್ತದೆ. ಎಳೆಗಳು ಅಲುಗಾಡಿ ದಾರಿ ಬಿಟ್ಟಾಗ ಪಕ್ಕದ ಸಂದಿಗೆ ಜಿಗಿಯುತ್ತದೆ. ಹೀಗೆ ಜಿಗಿಯುತ್ತ ಜಿಗಿಯುತ್ತ ಹಾಳೆಯ ಈಚೆ ಬದಿಗೆ ಬರುತ್ತದೆ. ಎಷ್ಟು ಬೇಗ ಬರುತ್ತದೆ ಎಂಬುದನ್ನು ಕಂಪ್ಯೂಟರಿನೊಳಗೆ ಅದೇ ಎಳೆ, ಅದೇ ಅನಿಲ ಕಟ್ಟಿ, ಒಂದೊಂದು ಅಣುವಿನ ಮೇಲೂ ಬೀಳುವ ಬಲವನ್ನು ಲೆಕ್ಕ ಹಾಕಿ, ಓಡಿಸಿ ನೋಡುವುದು ಅವಳ ಕೆಲಸ. ಒಂದು ವಾರ ಬಿಡದೆ ಓಡಿಸಿದರೆ ಒಂದು ಸೆಕೆಂಡನ್ನು ಹತ್ತು ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲಿನ ಕಾಲವಷ್ಟೇ ಕಾಣಸಿಗುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋದರೆ ಕೆಲಸ ನಿಂತಂತೆಯೇ. ಅವಳ ಗಂಡ ಮುರುಗೇಶ್ ಸಂಡೂರು ರಸ್ತೆಯ ಗ್ಯಾರೇಜಿನಿಂದ ಎರಡು ಲಾರಿ ಬ್ಯಾಟರಿ ತಂದು ಜೋಡಿಸಿಕೊಟ್ಟಿದ್ದರು. ಮನೆಯ ಫ್ಯಾನು ನಿಂತರೂ ಆ ಕಂಪ್ಯೂಟರು ನಿಲ್ಲುತ್ತಿರಲಿಲ್ಲ.

ಯಾವ ಅನಿಲ ತೆಗೆದುಕೊಳ್ಳಲಿ ಎಂದು ಅವಳು ಕೇಳಿದಾಗ ಮರಿಸ್ವಾಮಿ ಸರ್, "ನಿಮ್ಮನಿ ಮಿಲ್ಲಿನಾಗ ಅಕ್ಕಿಗೆ ನುಸಿ ಹತ್ತದಂಗ ಏನಿಡ್ತೀರಿ? ಅದನ್ನ ತಗೋ," ಎಂದಿದ್ದರು. ಆ ಮಾತ್ರೆಗೆ ಗಾಳಿಯ ತೇವ ತಾಗಿದರೆ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. ಅಕ್ಕಿ ಚೀಲಗಳ ಅಟ್ಟಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮರಳಿನ ಚೀಲ ಒತ್ತಿ, ವಾರದವರೆಗೆ ಮುಚ್ಚಿಡುತ್ತಾರೆ. ಹುಳ ಸಾಯುತ್ತವೆ. ಶಾಂಭವಿ ಹುಟ್ಟಿದಾಗಿನಿಂದ ನೋಡಿದ ಕೆಲಸ. ಹೀಗೆ ಪಾಲಿಥಿನ್ ಹಾಳೆಯ ಮೂಲಕ ಫಾಸ್ಫೀನ್ ಹೇಗೆ ಹಾಯುತ್ತದೆ ಎಂಬುದೇ ಅವಳ ಪ್ರಬಂಧದ ನಡುವಿನ ಅಧ್ಯಾಯವಾಯಿತು. ನೀಲಿ ಎಳೆಗಳ ನಡುವೆ ಕೆಂಪು ಗುಂಡುಗಳು ಕುಳಿತಿರುವ ಚಿತ್ರವೊಂದನ್ನು ಅವಳು ತಂದೆಗೆ ಕೊಟ್ಟಾಗ ಅವರು ಅದಕ್ಕೆ ಕಟ್ಟು ಹಾಕಿಸಿ ಗಿರಣಿಯ ಆಫೀಸಿನಲ್ಲಿ ತೂಗುಹಾಕಿದ್ದರು.

ಆ ಯುಗಾದಿಗೆ ಊರಿಗೆ ಹೋಗಿದ್ದಾಗ ಈಶ್ವರ ಊಟಕ್ಕೆ ಕುಳಿತಲ್ಲಿ ಕೇಳಿದ: "ಅಕ್ಕ, ನಿನ್ನ ಲೆಕ್ಕದ ಪ್ರಕಾರ ಶೀಟಿನಾಗಿಂದ ಆ ಗ್ಯಾಸ್ ಹೊರಗ ಬರ್ತೈತೇನು?" ಅವಳು ಹೋಳಿಗೆ ಮುರಿಯುತ್ತ ಹೇಳಿದಳು: "ಬರ್ತೈತಿ, ಆದ್ರ ಭಾಳ ನಿಧಾನ. ಒಂದು ವಾರಕ್ಕ ಬರೋದು ಏನೂ ಅಲ್ಲ." ಅಷ್ಟೇ. ಆ ಮಾತು ಮುಗಿದು ಬೇರೆ ಮಾತು ಬಂತು.

ಉಚ್ಚೆಂಗಪ್ಪನ ಕೋಣೆ ಗೋದಾಮಿನ ಹಿಂಗೋಡೆಗೆ ಅಂಟಿಕೊಂಡಿತ್ತು. ಎರಡಕ್ಕೂ ಒಂದೇ ತಗಡಿನ ಮಾಡು. ಗೋಡೆಗೂ ತಗಡಿಗೂ ನಡುವೆ ಗೇಣು ಸಂದು. ಅದಕ್ಕಾಗಿಯೇ ಮಾತ್ರೆ ಇಟ್ಟ ವಾರ ಗಂಡಹೆಂಡತಿಯನ್ನು ರಾಮಸಾಗರದಲ್ಲಿದ್ದ ಹೆಂಡತಿ ಉಚ್ಚೆಂಗಮ್ಮನ ತವರಿಗೆ ಕಳಿಸುವ ಪದ್ಧತಿ ಇತ್ತು. ಆ ಮೇ ತಿಂಗಳಲ್ಲಿ ಬೇಸಿಗೆ ಬೆಳೆಯ ಭತ್ತ ಬಂದು ಬೀಳುತ್ತಿತ್ತು, ಹಮಾಲರು ಸಾಲುತ್ತಿರಲಿಲ್ಲ. ಎಳೆಯ ಕೈಗಳೆಲ್ಲ ಗಣಿಗೂ ಲಾರಿಗೂ ಹೋಗಿದ್ದವು. ಉಚ್ಚೆಂಗಪ್ಪನನ್ನು ಒಂದು ವಾರ ಬಿಡುವುದು ಈಶ್ವರನಿಗೆ ಕಷ್ಟವಾಗಿತ್ತು. ಅಕ್ಕನ ಮಾತು ನೆನಪಾಯಿತು.

"ಡಾಕ್ಟ್ರಿಗೆ ಮಾತ್ರೆ ವಿಷಯ ಹೇಳೀರೇನು?" ಎಂದು ಶಾಂಭವಿ ಆ ಸೋಮವಾರದ ಫೋನಿನಲ್ಲಿ ಕೇಳಿದ್ದು ಎಲ್ಲಕ್ಕಿಂತ ಕೊನೆಗೆ.

"ಅಪ್ಪ ಬ್ಯಾಡ ಅಂದ. ಮೀನು ಅಂತ ಹೇಳೀವಿ."

"ಈಗಿಂದೀಗ ಹೇಳು."

ಲೈನು ಕಡಿಯಿತು. ಮತ್ತೆ ಮಾಡಿದರೆ ಈಶ್ವರ ಎತ್ತಲಿಲ್ಲ. ನಾವು ಪತ್ರಿಕೆಗಳನ್ನು ಹಾಗೇ ಬಿಟ್ಟು ಬಾಡಿಗೆಗೆ ಒಂದು ಟ್ರ್ಯಾಕ್ಸ್ ಜೀಪು ಹಿಡಿದೆವು. ಕಮಲಾಪುರ ದಾಟುವವರೆಗೂ ಅವಳು ಫೋನು ಮಾಡುತ್ತಲೇ ಇದ್ದಳು. ಬುಕ್ಕಸಾಗರದ ಬಾಳೆ ತೋಟಗಳ ಹತ್ತಿರ ಬಂದಾಗ ಫೋನನ್ನು ಮಡಿಲಲ್ಲಿಟ್ಟುಕೊಂಡು ನನಗೆ ಒಂದೇ ಮಾತು ಹೇಳಿದಳು: "ಯಾವ ಶೀಟು ಅಂತ ನಾನು ಕೇಳಲಿಲ್ಲ ಮೇಡಂ."

ಕಂಪ್ಲಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಇಬ್ಬರನ್ನೂ ಅಕ್ಕಪಕ್ಕದ ಮಂಚದ ಮೇಲೆ ಮಲಗಿಸಿದ್ದರು. ನಾನು ಅರೆಜೀವವಾದವರನ್ನು ನೋಡುವೆನೆಂದು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಉಚ್ಚೆಂಗಪ್ಪ ದಿಂಬಿಗೆ ಒರಗಿ ಕುಳಿತಿದ್ದ. ಶಾಂಭವಿಯನ್ನು ಕಂಡು ಕಾಲು ಮಡಚಿಕೊಂಡ.

"ಬಿಸಿಲಾಗ ನೀವ್ಯಾಕ ಬರಾಕ ಹೋದ್ರಿ ಅಕ್ಕಾರ? ಹೊಟ್ಟಿ ಕೆಟ್ಟಿತ್ತು ಅಷ್ಟ. ಈಗ ಆರಾಮ."

ವೈದ್ಯೆ ಸ್ಫೂರ್ತಿ ಚಿಕ್ಕ ವಯಸ್ಸಿನವರು. ಗ್ಲೂಕೋಸ್ ಬಾಟಲಿ ನೋಡುತ್ತ, "ಮೀನು ಕೆಟ್ಟಿರಬೇಕ್ರಿ. ಮಧ್ಯಾಹ್ನ ಮನಿಗೆ ಕಳಿಸ್ತೀನಿ," ಎಂದರು. ಬಾಗಿಲ ಹತ್ತಿರ ಮರುಳಸಿದ್ದಪ್ಪನವರೂ ಈಶ್ವರನೂ ನಿಂತಿದ್ದರು. ಮರುಳಸಿದ್ದಪ್ಪನವರು ಮಗಳತ್ತ ನೋಡಿ ತಲೆಯನ್ನು ಬಹಳ ಸಣ್ಣಗೆ ಅಡ್ಡ ಆಡಿಸಿದರು.

ಶಾಂಭವಿ ತಂದೆಯನ್ನು ನೋಡಿದಳು. ಆಮೇಲೆ ಹೇಳಿದಳು: "ಮೀನಲ್ರಿ ಡಾಕ್ಟ್ರ. ಇವರ ಕೋಣಿ ಪಕ್ಕದ ಗೋದಾಮಿನಾಗ ಶನಿವಾರದಿಂದ ನುಸಿ ಮಾತ್ರೆ ಐತಿ. ಫಾಸ್ಫೀನ್. ಎರಡು ದಿನ ಇಬ್ರೂ ಅಲ್ಲೇ ಮಲಗ್ಯಾರ."

ಸ್ಫೂರ್ತಿಯವರ ಕೈ ಬಾಟಲಿಯ ಮೇಲೆಯೇ ನಿಂತುಬಿಟ್ಟಿತು. ಅವರು ಉಚ್ಚೆಂಗಪ್ಪನ ನಾಡಿ ಹಿಡಿದರು, ರಕ್ತದೊತ್ತಡ ನೋಡಿದರು, ಮತ್ತೊಮ್ಮೆ ನೋಡಿದರು. ಹೊರಗೆ ಬಂದು ನಮಗೆ ಮೆಲ್ಲಗೆ ಹೇಳಿದ್ದು ಇಷ್ಟು: ಈ ವಿಷಕ್ಕೆ ಪ್ರತಿಮದ್ದು ಇಲ್ಲ, ಹೃದಯಕ್ಕೆ ಹತ್ತಿದರೆ ಮಾತಾಡುತ್ತಿರುವವರೇ ಹೋಗಿಬಿಡುತ್ತಾರೆ, ಕೂಡಲೇ ಬಳ್ಳಾರಿಗೆ ಒಯ್ಯಬೇಕು.

ಒಂದೇ ಆಂಬುಲೆನ್ಸಿನಲ್ಲಿ ಇಬ್ಬರನ್ನೂ ಹತ್ತಿಸಿದರು. ಶಾಂಭವಿ ಅದರಲ್ಲಿ ಕುಳಿತಳು. ನಾನು ಹಿಂದೆ ಟ್ರ್ಯಾಕ್ಸಿನಲ್ಲಿ. ಕುರುಗೋಡು ಇನ್ನೂ ಮುಂದಿರುವಾಗ ಆಂಬುಲೆನ್ಸು ರಸ್ತೆಯ ಬದಿಗೆ ನಿಂತಿತು. ನಾನು ಇಳಿದು ಓಡಿದೆ. ಉಚ್ಚೆಂಗಪ್ಪ ನೀರು ಕೇಳಿದ್ದನಂತೆ. ಹೆಂಡತಿಯ ಕಡೆ ತಿರುಗಿ, "ನಿನಗ ಹೆಂಗೈತಿ?" ಎಂದು ಕೇಳಿದ್ದನಂತೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನ ಕುತ್ತಿಗೆ ವಾಲಿತ್ತು. ಜೊತೆಗಿದ್ದ ನರ್ಸು ಎದೆ ಒತ್ತುತ್ತಲೇ ಇದ್ದಳು. ಉಚ್ಚೆಂಗಮ್ಮ ಎದುರಿನ ಮಂಚದಿಂದ ನೋಡುತ್ತಿದ್ದಳು, ಅಳಲಿಲ್ಲ. ಏನು ನಡೆಯುತ್ತಿದೆ ಎಂದು ಯಾರಾದರೂ ಹೇಳಲಿ ಎಂಬಂತೆ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಶಾಂಭವಿಯ ಕೈಯಲ್ಲಿ ನೀರಿನ ಲೋಟ ಹಾಗೇ ಇತ್ತು.

ಉಚ್ಚೆಂಗಮ್ಮ ಉಳಿದಳು. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಹದಿಮೂರು ದಿನ ಇದ್ದಳು. ಮಾತ್ರೆ ಇಟ್ಟ ಮರುದಿನ, ಭಾನುವಾರ ಮಧ್ಯಾಹ್ನ, ಅವಳು ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಳು; ಉಚ್ಚೆಂಗಪ್ಪ ಮಾತ್ರ ತಂಪೆಂದು ಗೋಡೆಗೆ ಒತ್ತಿ ಮಲಗಿದ್ದ. ಅಷ್ಟೇ ವ್ಯತ್ಯಾಸ ಎಂದು ಅಲ್ಲಿಯ ವೈದ್ಯರು ಹೇಳಿದರು. ವಾಸನೆ ಬರಲಿಲ್ಲವೇ ಎಂದು ಕೇಳಿದರೆ, "ಏನೂ ಬರ್ಲಿಲ್ರಿ. ಅಕ್ಕಿ ವಾಸನಿ ಅಷ್ಟ," ಎಂದಳು. ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆಂದು ಎಲ್ಲರೂ ನಂಬಿಕೊಂಡಿದ್ದರು. ಕೆಲವೊಮ್ಮೆ ಆ ವಾಸನೆಯನ್ನು ಧಾನ್ಯವೇ ಹೀರಿಕೊಂಡು, ವಿಷ ಮಾತ್ರ ವಾಸನೆಯಿಲ್ಲದೆ ಹೊರಬರುತ್ತದೆಂದು ಶಾಂಭವಿಗೆ ಪುಸ್ತಕದಿಂದ ಗೊತ್ತಿತ್ತು. ಗೋದಾಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾಲ್ಕನೇ ದಿನ, ಗೋದಾಮಿಗೆ ಗಾಳಿಯಾಡಿಸಿ ಅಪಾಯವಿಲ್ಲವೆಂದು ಅಧಿಕಾರಿಗಳು ಹೇಳಿದ ಮೇಲೆ, ಪೊಲೀಸರ ಎದುರಿನಲ್ಲಿ ಅಟ್ಟಿಯ ಮೇಲಿನ ಹೊದಿಕೆ ತೆಗೆದರು. ಪ್ರತಿ ವರ್ಷದ ದಪ್ಪ ಹಾಳೆ ಇಲಿ ಕಡಿದು ಹಾಳಾಗಿತ್ತೆಂದು ಈಶ್ವರ ಬಂಡ್ರಿಯ ಲಾರಿಯವರೊಬ್ಬರಿಂದ ಅದಿರು ಮುಚ್ಚುವ ಹಳೆಯ ತಾಡಪತ್ರಿ ತಂದು ಹೊದಿಸಿದ್ದ. ನೋಡಲು ಚೆನ್ನಾಗಿಯೇ ಇತ್ತು. ಶಾಂಭವಿ ಅದರ ಒಂದು ತುದಿ ಹಿಡಿದಳು, ನನಗೆ ಇನ್ನೊಂದು ತುದಿ ಕೊಟ್ಟಳು, ಅಂಗಳದಲ್ಲಿ ಬಿಸಿಲಿಗೆ ಎತ್ತಿ ಹಿಡಿದೆವು.

ತಾಡಪತ್ರಿಯ ತುಂಬ ಬೆಳಕಿನ ಚುಕ್ಕೆಗಳಿದ್ದವು. ಅದಿರಿನ ಚೂಪು ಕಲ್ಲುಗಳು ವರ್ಷಗಟ್ಟಲೆ ಚುಚ್ಚಿ ಚುಚ್ಚಿ ಮಾಡಿದ ತೂತುಗಳು. ಒಂದು ಅಂಗೈ ಅಗಲದಲ್ಲಿ ನಾನು ಇಪ್ಪತ್ತರವರೆಗೆ ಎಣಿಸಿ ಬಿಟ್ಟೆ. ಇನ್‌ಸ್ಪೆಕ್ಟರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಈಶ್ವರ ಹತ್ತಿರ ಬಂದು ತಾಡಪತ್ರಿಯ ಅಂಚು ಮುಟ್ಟಿ ನೋಡಿದ.

"ಪ್ಲಾಸ್ಟಿಕ್ ಶೀಟು ಅಂದಿದ್ದಿ ಅಕ್ಕ. ಇದೂ ಪ್ಲಾಸ್ಟಿಕ್ಕೇ ಅಲ್ಲೇನು?" ಅವನ ಮಾತಿನಲ್ಲಿ ಕಪಟವಿರಲಿಲ್ಲ. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಠಾಣೆಯಲ್ಲಿ ಶಾಂಭವಿ ತನ್ನ ಮಾತನ್ನೂ ಸೇರಿಸಿ ಹೇಳಿಕೆ ಕೊಟ್ಟಳು. ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು. "ಕಂಪ್ಯೂಟರಿನಾಗ ಪ್ಲಾಸ್ಟಿಕ್ ಮಾಡಿದ್ರಿ, ಅದರಾಗ ಗ್ಯಾಸ್ ಬಿಟ್ರಿ, ಅದು ಬರ್ಲಿಲ್ಲ. ಇದನ್ನ ನಾನು ಹೆಂಗ ಬರೀಲಿ ಮೇಡಂ?"

"ನಾನು ಹೇಳಿದಂಗ ಬರ್ಕೊಳ್ರಿ," ಎಂದಳು.

ಈಶ್ವರ ಹನ್ನೊಂದು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದ. ಅವನು ಬಂದ ದಿನ ಮರುಳಸಿದ್ದಪ್ಪನವರು ಹೊಸಪೇಟೆಗೆ ಮಗಳ ಮನೆಗೆ ಬಂದು, ನೀರು ಕೊಟ್ಟರೂ ಕುಡಿಯದೆ, ನಿಂತೇ ಹೇಳಿದರು: "ನೀನು ಬಾಯಿ ಬಿಡದಿದ್ರ ಅದು ಮೀನಾಗಿ ಮುಗಿದು ಹೋಗ್ತಿತ್ತು."

"ಹೋಗ್ತಿತ್ತಪ್ಪ. ಉಚ್ಚೆಂಗಮ್ಮ ಮಧ್ಯಾಹ್ನ ಅದೇ ಕೋಣಿಗೆ ಹೋಗಿ ಮಲಗ್ತಿದ್ಲು."

ಅವರು ಚಪ್ಪಲಿ ಮೆಟ್ಟಿ ಇಳಿದು ಹೋದರು. ಎರಡು ವರ್ಷ ಅವಳೊಂದಿಗೆ ಮಾತಾಡಲಿಲ್ಲ.

ಬೇಸಿಗೆ ರಜೆಯೆಲ್ಲ ಶಾಂಭವಿ ಕಂಪ್ಯೂಟರಿನ ಮುಂದೆ ಕುಳಿತಳು. ತನ್ನ ಲೆಕ್ಕದಲ್ಲಿ ತಪ್ಪು ಹುಡುಕುತ್ತಿದ್ದಳು. ಎಳೆಗಳ ಉದ್ದ ನೋಡಿದಳು, ಅಣುಗಳ ನಡುವಿನ ಸೆಳೆತದ ಅಂಕಿಗಳನ್ನು ನೋಡಿದಳು. ತಗಡಿನ ಮಾಡಿನ ಕೆಳಗೆ ನಲವತ್ತೈದು ಡಿಗ್ರಿ ಇದ್ದಿರಬಹುದೆಂದು ಅದಕ್ಕೂ ಬೇರೆಯಾಗಿ ಓಡಿಸಿದಳು. ಬಿಸಿಗೆ ಅಣುಗಳು ಸ್ವಲ್ಪ ಬೇಗ ಹಾಯುತ್ತಿದ್ದವು, ಆದರೂ ಒಬ್ಬ ಮನುಷ್ಯನನ್ನು ಕೊಲ್ಲುವಷ್ಟು ಅಲ್ಲ. ಕೊನೆಗೆ ಎಲ್ಲ ಕಾಗದ ಹೊತ್ತುಕೊಂಡು ಸಂಡೂರಿಗೆ ಹೋದಳು. ನಾನೂ ಜೊತೆಗಿದ್ದೆ. ಮರಿಸ್ವಾಮಿ ಸರ್ ಎರಡು ತಾಸು ನೋಡಿ, ಕಾಗದ ಮಡಚಿಟ್ಟರು.

"ತಪ್ಪಿಲ್ಲಮ್ಮ. ಲೆಕ್ಕ ಸರಿ ಐತಿ."

ಅವಳು ಬೆದರಿದವಳಂತೆ ಅವರನ್ನು ನೋಡಿದಳು. ತಪ್ಪು ಸಿಕ್ಕಿದ್ದರೆ ಅವಳಿಗೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು ಎಂದು ನನಗೆ ಆಗ ಅನ್ನಿಸಿತು.

"ಹಂಗಾದ್ರ ಆ ತೂತನ್ನ ನಾವು ಇದರಾಗ ಕಟ್ಟಾಕ ಬರಂಗಿಲ್ಲೇನು ಸರ್?"

ಅವರು ಇಲ್ಲವೆಂದು ತಲೆಯಾಡಿಸಿದರು. "ನೀನು ಕಂಪ್ಯೂಟರಿನಾಗ ಎಳೆ, ಗ್ಯಾಸು ಕಟ್ಟಿಟ್ಟ ಡಬ್ಬಿ ಎಷ್ಟೈತಿ? ಆ ತಾಡಪತ್ರಿಯ ಒಂದು ತೂತಿನಾಗ ಅಂಥ ಡಬ್ಬಿ ಸಾಲಾಗಿ ಇಟ್ರ ಒಂದು ಲಕ್ಷ ಹಿಡೀತಾವ. ಅಲ್ಲಿ ಜಿಗಿಯೋದು, ಹಾಯೋದು ಏನೂ ಇಲ್ಲ. ಬಾಗಿಲಾಗಿಂದ ಜನ ಬಂದಂಗ ಗ್ಯಾಸು ಬಂದುಬಿಡ್ತೈತಿ."

ವಾಪಸು ಬರುವಾಗ ಯಶವಂತನಗರದ ಹತ್ತಿರ ಲಾರಿಗಳು ಕಟ್ಟಿಕೊಂಡು ಬಸ್ಸು ಒಂದೂವರೆ ತಾಸು ನಿಂತಿತು. ಎದುರಿನ ಪ್ರತಿ ಲಾರಿಗೂ ತಾಡಪತ್ರಿ ಕಟ್ಟಿತ್ತು. ಅವಳು ಕಿಟಕಿಯ ಕಡೆಗೆ ನೋಡಲೇ ಇಲ್ಲ.

ಸಂಶೋಧನೆ ನಿಂತಿತು. ದೀಪಾವಳಿ ಕಳೆದ ಮೇಲೆ ಒಂದು ದಿನ ಮಧ್ಯಾಹ್ನ ಉಚ್ಚೆಂಗಮ್ಮ ತಾನೇ ನಮ್ಮ ಕಾಲೇಜಿಗೆ ಬಂದಳು. ತೋರಣಗಲ್ಲಿನಲ್ಲಿ ಗುತ್ತಿಗೆ ಕಾರ್ಮಿಕರಿಗೆ ಅಡಿಗೆ ಮಾಡುವ ಕಡೆ ಕೆಲಸಕ್ಕೆ ಸೇರಿದ್ದಳು. ಅಲ್ಲೇ ಹತ್ತಿರದ ವಡ್ಡು ಎಂಬ ಊರಿನಲ್ಲಿ ತಂಗಿಯ ಮನೆಯಲ್ಲಿ ಇದ್ದಳು. ಶಾಂಭವಿ ಎದ್ದು ನಿಂತಳು. ಕುರ್ಚಿ ಸರಿಸಿದರೂ ಅವಳು ಕೂಡಲಿಲ್ಲ.

"ನಿಮ್ಮ ಕಂಪ್ಯೂಟರ್ ನೋಡ್ಬೇಕ್ರಿ ಅಕ್ಕಾರ. ಅದರಾಗ ಏನೈತಿ ಅಂತ ನನಗ ಯಾರೂ ಹೇಳಿಲ್ಲ."

ಮೂವರೂ ಶಾಂಭವಿಯ ಮನೆಗೆ ನಡೆದೆವು. ತಿಂಗಳುಗಟ್ಟಲೆ ಮುಟ್ಟದ ಕಂಪ್ಯೂಟರು ತೆರೆಯಿತು. ತೆರೆಯ ಮೇಲೆ ನೀಲಿ ಎಳೆಗಳು ನಡುಗುತ್ತಿದ್ದವು. ಕೆಂಪು ಗುಂಡುಗಳು ತಮ್ಮ ತಮ್ಮ ಸಂದಿನಲ್ಲಿ ತಡಬಡಿಸುತ್ತಿದ್ದವು. ಇದು ಹಾಳೆ, ಇದು ಗ್ಯಾಸು ಎಂದು ಶಾಂಭವಿ ಬೆರಳಿಟ್ಟು ತೋರಿಸಿದಳು. ಉಚ್ಚೆಂಗಮ್ಮ ಬಾಗಿ, ಮುಖವನ್ನು ತೆರೆಗೆ ತಾಗುವಷ್ಟು ಹತ್ತಿರ ತಂದು ನೋಡಿದಳು.

"ಇದರಾಗ ತೂತು ಎಲ್ಲೈತ್ರಿ?"

"ಇಲ್ಲ."

"ಒಂದೂ ಇಲ್ಲೇನು?"

"ಒಂದೂ ಇಲ್ಲ ಉಚ್ಚೆಂಗಮ್ಮ."

"ಅಂಥಾ ಹಾಳಿ ಯಾವೂರಾಗೈತ್ರಿ?"

ಶಾಂಭವಿ ತೆರೆಯ ಮೇಲಿಟ್ಟಿದ್ದ ಬೆರಳು ತೆಗೆದಳು. ಉಚ್ಚೆಂಗಮ್ಮನಿಗೆ ಚುಚ್ಚುವ ಉದ್ದೇಶವಿರಲಿಲ್ಲ. ಅವಳು ನಿಜವಾಗಿಯೂ ತಿಳಿಯಲು ಕೇಳಿದ್ದಳು. ಸೆರಗು ಸರಿಮಾಡಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ಹೇಳಿದಳು: "ಇದನ್ನ ಬರೀತೀರಲ್ರಿ, ಅದರಾಗ ಇದನ್ನೂ ಬರೀರಿ. ಇದು ತೂತಿಲ್ಲದ್ದು ಅಂತ. ಓದಿದವರು ನಮ್ಮಂಥವರಿಗೆ ಹೇಳ್ಲಿ."

ಆ ವಾರವೇ ಶಾಂಭವಿ ಮತ್ತೆ ಬರೆಯತೊಡಗಿದಳು. ಫಾಸ್ಫೀನ್ ಅಧ್ಯಾಯದ ಮೊದಲ ಪುಟದಲ್ಲಿ ನಾಲ್ಕು ಸಾಲು ಸೇರಿಸಿದಳು: ಈ ಲೆಕ್ಕ ತೂತಿಲ್ಲದ ಹಾಳೆಯದು, ಗೋದಾಮಿನಲ್ಲಿ ಅಂಥ ಹಾಳೆ ಇರುವುದಿಲ್ಲ, ಇದನ್ನು ನಂಬಿ ಯಾರನ್ನೂ ಪಕ್ಕದಲ್ಲಿ ಮಲಗಿಸಬಾರದು, ನಂಬಿದ್ದರಿಂದ 2007ರ ಮೇ ತಿಂಗಳಲ್ಲಿ ಕಂಪ್ಲಿಯಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಪ್ರಬಂಧದಲ್ಲಿ ಹೀಗೆಲ್ಲ ಬರೆಯುವುದಿಲ್ಲ ಎಂದು ಮರಿಸ್ವಾಮಿ ಸರ್ ಎರಡು ಸಲ ಹೊಡೆದುಹಾಕಿದರು. ಮೂರನೇ ಸಲ ಅವಳು ಅದನ್ನೇ ಬರೆದುಕೊಂಡು ಹೋದಾಗ ಸುಮ್ಮನಾದರು. ಅದೇ ವರ್ಷದಿಂದ ಸುಗ್ಗಿ ಮುಗಿದ ಮೇಲೆ ಅವಳು ಕಂಪ್ಲಿ, ರಾಮಸಾಗರದ ಕಡೆಯ ಗಿರಣಿಗಳಿಗೆ ಹೋಗಿ ಹೊದಿಕೆಗಳನ್ನು ಬಿಸಿಲಿಗೆ ಹಿಡಿದು ತೋರಿಸುವುದನ್ನು ಶುರು ಮಾಡಿದಳು. ಕೆಲವರು ಒಳಗೆ ಬಿಟ್ಟರು. ಕೆಲವರು ಅವಳ ತಂದೆಗೆ ಫೋನು ಮಾಡಿ, ಮಗಳನ್ನು ಕರೆದುಕೊಂಡು ಹೋಗಿ ಎಂದರು.

ಈಶ್ವರ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಶಿಕ್ಷೆಯಾಯಿತು, ಅನುಭವಿಸಿ ಬಂದ. ಗೋದಾಮಿನ ಹಿಂದಿನ ಕೋಣೆಯನ್ನು ಮರುಳಸಿದ್ದಪ್ಪನವರೇ ನಿಂತು ಕೆಡವಿಸಿದರು. ಯಾರು ಹೇಳಿದರೆಂದು ನನಗೆ ಗೊತ್ತಿಲ್ಲ.

2009ರ ಕೊನೆಗೆ ಅವಳ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಹೆಸರಾದವರು. ಅಂಕಿಅಂಶಗಳ ಬಗ್ಗೆ ಮುಕ್ಕಾಲು ಗಂಟೆ ಕೇಳಿ, ಮೆಚ್ಚಿಕೊಂಡು, ಕಡೆಯಲ್ಲಿ ಆ ಪುಟ ತೆರೆದರು. "ಇದೇನು? ಉದಾಹರಣೆಗೆ ಅಂತ ಬರೆದದ್ದೇ?"

"ಅಲ್ಲ ಸರ್. ನಡೆದದ್ದು. ನಂಬಿದವನು ನನ್ನ ತಮ್ಮ. ಹೇಳಿದವಳು ನಾನು."

ಕೋಣೆಯಲ್ಲಿ ಹದಿನೈದು ಜನರಿದ್ದೆವು. ಪರೀಕ್ಷಕರು ಕನ್ನಡಕ ತೆಗೆದು ಆ ನಾಲ್ಕು ಸಾಲುಗಳನ್ನು ಮತ್ತೊಮ್ಮೆ ಓದಿದರು. ಅವರ ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಕೇಳಬೇಕೆಂದು ಗುರುತು ಹಾಕಿಕೊಂಡಿದ್ದ ಚೀಟಿಗಳು ಇನ್ನೂ ಕೆಲವು ಪುಟಗಳಲ್ಲಿ ಇದ್ದವು. ಅವನ್ನೆಲ್ಲ ಒಂದೊಂದಾಗಿ ಕಿತ್ತು ಮೇಜಿನ ಮೇಲಿಟ್ಟು, ಒಪ್ಪಿಗೆಯ ಸಹಿ ಮಾಡಿದರು.